ಬಿಸಿಲೂರಿನ ಮನೆಯೊಳಗೆ ಆರ್ಕಿಡ್: ಬೆಳಕು ಬೇಕು, ಬಿಸಿ ಬೇಡ

ಕಲಬುರಗಿಯಲ್ಲಿ ಬೆಳಕಿಗೆ ಬರವಿಲ್ಲ. ಶರಣಬಸವೇಶ್ವರರ ತೇರು ಎಳೆದ ಮೇಲಂತೂ ಬಿಸಿಲು ದಿನದಿಂದ ದಿನಕ್ಕೆ ಏರುತ್ತಲೇ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 42-43 ಡಿಗ್ರಿ ನಮಗೆ ಹೊಸದಲ್ಲ. ಇಂಥ ಊರಲ್ಲಿ ಹಗಲು ಹೊತ್ತಿನಲ್ಲೇ ಮನೆಯೊಳಗೆ ಲೈಟ್ ಹಚ್ಚಿ ಗಿಡ ಬೆಳೆಸುತ್ತೇವೆ ಅಂದರೆ, ಹೊರಗೆ ಇಷ್ಟು ಬಿಸಿಲು ಬಿದ್ದಿದೆಯಲ್ಲ, ಅಲ್ಲೇ ಇಡಬಾರದಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ನಮ್ಮ ಕಡೆಯ ಬಿಸಿಲಿನ ಜೊತೆ ಮೂರು ಸಂಗತಿ ಒಟ್ಟಿಗೇ ಬರುತ್ತವೆ: ಬೆಳಕು, ಬಿಸಿ, ಒಣಗಾಳಿ. ಆರ್ಕಿಡ್‌ಗೆ ಬೇಕಾದದ್ದು ಮೊದಲನೆಯದು ಮಾತ್ರ. ಉಳಿದ ಎರಡರಿಂದ ಅದು ಸೊರಗುತ್ತದೆ. ಮಾಳಿಗೆ ಮೇಲೆ ಇಟ್ಟರೆ ಮೂರನ್ನೂ ತಗೊಳ್ಳಬೇಕು. ಒಳಗೆ ನೆರಳಲ್ಲಿಟ್ಟರೆ ಬಿಸಿ ತಪ್ಪುತ್ತದೆ, ಆದರೆ ಬೆಳಕೂ ತಪ್ಪುತ್ತದೆ. ಎಲ್‌ಇಡಿ ಲೈಟ್‌ನಿಂದ ಆಗುವ ದೊಡ್ಡ ಉಪಕಾರ ಇದೇ. ಬೆಳಕನ್ನು ಬಿಸಿಯಿಂದ ಬಿಡಿಸಿ, ನಮಗೆ ಬೇಕಾದ ಕೋಣೆಗೆ, ಬೇಕಾದ ಹೊತ್ತಿಗೆ, ಬೇಕಾದಷ್ಟು ತಂದುಕೊಳ್ಳಬಹುದು. ಬೆಂಗಳೂರಿನಲ್ಲಿ ಕಿಟಕಿಯ ಹತ್ತಿರ ಆರಾಮಾಗಿ ಬೆಳೆಯುವ ಗಿಡವನ್ನು ಕಲಬುರಗಿಯಲ್ಲೋ ಯಾದಗಿರಿಯಲ್ಲೋ ಉಳಿಸಿಕೊಂಡು ಹೂ ಬರಿಸಬೇಕು ಅಂದರೆ ಬೆಳಕನ್ನು ಬಿಸಿಯಿಂದ ಬಿಡಿಸುವ ಈ ಕೆಲಸವನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು.

ಮೊದಲು ಗಿಡದ ಬಗ್ಗೆ ಸ್ವಲ್ಪ. ಮಲೆನಾಡು, ಕೊಡಗಿನ ಕಡೆ ಮರದ ಕೊಂಬೆಗಳ ಮೇಲೆ ಜೋತುಬಿದ್ದು ಹೂ ಬಿಡುವ ಸೀತಾಳೆ ದಂಡೆಯನ್ನು ನೋಡಿರಬಹುದು. ಅದೂ ಆರ್ಕಿಡ್ಡೇ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಆರ್ಕಿಡ್‌ಗಳೂ ಹೀಗೆ ಮರದ ಮೇಲೆ ಬದುಕುವ ಜಾತಿಯವೇ. ಬಂದಳಿಕೆಯ ಹಾಗೆ ಇವು ಮರದ ರಸ ಹೀರುವುದಿಲ್ಲ. ತೊಗಟೆಗೆ ಬೇರು ಅಂಟಿಸಿಕೊಂಡು, ಮಳೆ ನೀರು, ಇಬ್ಬನಿ, ಕೊಳೆತ ಎಲೆಯ ಸಾರ ಇಷ್ಟರಲ್ಲೇ ಬದುಕುತ್ತವೆ. ಬೇರಿನ ಸುತ್ತ ವೆಲಮೆನ್ ಎಂಬ ದಪ್ಪ ಪದರ ಇರುತ್ತದೆ. ಅದು ಸತ್ತ ಕೋಶಗಳ ಪದರ. ನೀರು ಬಿದ್ದ ಕೂಡಲೇ ಹೀರಿ ಹಿಡಿದುಕೊಳ್ಳುತ್ತದೆ. ಒಣಗಿದಾಗ ಬೇರು ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ, ಒದ್ದೆಯಾದರೆ ಹಸಿರಾಗುತ್ತದೆ. ನೀರು ಯಾವಾಗ ಹಾಕಬೇಕು ಎಂದು ಹೇಳುವುದು ಈ ಬಣ್ಣವೇ, ಕ್ಯಾಲೆಂಡರ್ ಅಲ್ಲ.

ಮನೆಯೊಳಗೆ ಶುರು ಮಾಡುವವರಿಗೆ ನಾನು ಹೇಳುವುದು ಫಲನಾಪ್ಸಿಸ್ ಒಂದನ್ನೇ. ಪತಂಗದ ರೆಕ್ಕೆಯಂಥ ಅಗಲ ಎಸಳಿನ, ಬಾಗಿದ ಕಡ್ಡಿಯ ತುಂಬ ಸಾಲಾಗಿ ಹೂ ಬಿಡುವ ಗಿಡ. ಹೂ ಎರಡು ಮೂರು ತಿಂಗಳು ನಿಲ್ಲುತ್ತದೆ. ಇದರ ಮೂಲ ಫಿಲಿಪೈನ್ಸ್, ಇಂಡೋನೇಷ್ಯಾ, ತೈವಾನ್ ಕಡೆಯ ಕಾಡುಗಳು. ದೊಡ್ಡ ಮರಗಳ ಎಲೆಗಳ ಕೆಳಗೆ ಸೋಸಿ ಬೀಳುವ ಬೆಳಕಿನಲ್ಲಿ ಬೆಳೆದು ಬಂದ ಗಿಡವಾದ್ದರಿಂದ ಆರ್ಕಿಡ್‌ಗಳಲ್ಲಿ ಇದರ ಬೆಳಕಿನ ಬೇಡಿಕೆ ಕಡಿಮೆ. ಕ್ಯಾಟ್ಲೇಯಕ್ಕೆ ಇದರ ಎರಡು ಪಟ್ಟು ಬೇಕು. ವಾಂಡಕ್ಕೆ ಇನ್ನೂ ಜಾಸ್ತಿ. ವಾಂಡವನ್ನು ಮನೆಯೊಳಗೆ ಲೈಟ್ ಕೆಳಗೆ ಬೆಳೆಸಲು ಹೋಗುವುದು ಬೇಡ, ಕರೆಂಟ್ ಬಿಲ್ ಏರುತ್ತದೆ, ಹೂ ಮಾತ್ರ ಬರುವುದಿಲ್ಲ.

ಕಣ್ಣಿಗೆ ಸಾಕಾದ ಬೆಳಕು ಗಿಡಕ್ಕೆ ಸಾಲುವುದಿಲ್ಲ

ಕೋಣೆಯಲ್ಲಿ ಆರಾಮಾಗಿ ಪೇಪರ್ ಓದಲು ಆಗುತ್ತಿದೆ ಅಂದರೆ ಬೆಳಕು ಚೆನ್ನಾಗಿಯೇ ಇದೆ ಎಂದು ನಮಗೆ ಅನ್ನಿಸುತ್ತದೆ. ಕಣ್ಣು ಕತ್ತಲೆಗೂ ಹೊಂದಿಕೊಳ್ಳುತ್ತದೆ, ಬೆಳಕಿಗೂ ಹೊಂದಿಕೊಳ್ಳುತ್ತದೆ. ಅದಕ್ಕೇ ಬೆಳಕಿನ ಪ್ರಮಾಣ ಅಳೆಯಲು ಕಣ್ಣನ್ನು ನಂಬಬಾರದು.

ಅಳೆಯಲು ಲಕ್ಸ್ ಎಂಬ ಮಾನ ಇದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ಲ್ಯೂಮೆನ್ ಅಂದರೆ ಲೈಟ್ ಹೊರಗೆ ಬಿಡುವ ಬೆಳಕಿನ ಅಳತೆ. ಮಧ್ಯಾಹ್ನದ ಬಯಲಿನಲ್ಲಿ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಅದೇ ಹೊತ್ತಿನಲ್ಲಿ ನಮ್ಮ ಮನೆಯ ನಡುಕೋಣೆಯಲ್ಲಿ 100ರಿಂದ 300 ಲಕ್ಸ್ ಇದ್ದರೆ ದೊಡ್ಡದು. ಅಂದರೆ ಹೊರಗಿನ ಬೆಳಕಿನ ಮುನ್ನೂರನೇ ಒಂದು ಭಾಗಕ್ಕಿಂತ ಹೆಚ್ಚೇನಿಲ್ಲ! ಫಲನಾಪ್ಸಿಸ್‌ಗೆ ಬೇಕಾದದ್ದು 10,000 ಲಕ್ಸ್ ಆಸುಪಾಸು. 15,000ದವರೆಗೆ ಚೆನ್ನಾಗಿ ತಡೆದುಕೊಳ್ಳುತ್ತದೆ.

ನಮ್ಮ ಮನೆಗಳು ಬೇರೆ ಕತ್ತಲೆಗೆಂದೇ ಕಟ್ಟಿದವು. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಸಜ್ಜಾ. ಬಿಸಿಲಿನಿಂದ ಉಳಿಯಲು ಹಿರಿಯರು ಮಾಡಿದ ಸರಿಯಾದ ಉಪಾಯ ಅದು. ಬೇಸಿಗೆ ಬಂತೆಂದರೆ ಇರುವ ಕಿಟಕಿಗೂ ಪರದೆ ಎಳೆಯುತ್ತೇವೆ. ಅದರ ಮೇಲೆ ಇನ್ನೊಂದು ವಿಷಯ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಬಿಸಿಲೆಲ್ಲ ಮಾಳಿಗೆ ಮೇಲೆ ಬೀಳುತ್ತದೆ, ಕಿಟಕಿಯೊಳಗೆ ಇಣುಕುವುದೇ ಇಲ್ಲ. ಹೊರಗೆ ಕಣ್ಣು ಕುಕ್ಕುವ ತಿಂಗಳಲ್ಲೇ ಒಳಗೆ ಗಿಡ ಬೆಳಕಿಲ್ಲದೆ ಕೂತಿರುತ್ತದೆ.

ಬೆಳಕು ಎಷ್ಟು ಜೋರಾಗಿದೆ ಎಂಬುದರ ಜೊತೆಗೆ ಎಷ್ಟು ಹೊತ್ತು ಬಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗಿಡ ಇಡೀ ದಿನದ ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಕಿಟಕಿ ಪಕ್ಕ 2,000 ಲಕ್ಸ್‌ನಲ್ಲಿ 8 ಗಂಟೆ ಇಟ್ಟ ಗಿಡಕ್ಕೆ ಸಿಗುವುದು 2,000 ಗುಣಿಸು 8, ಅಂದರೆ 16,000. ಲೈಟ್ ಕೆಳಗೆ 10,000 ಲಕ್ಸ್‌ನಲ್ಲಿ 12 ಗಂಟೆ ಇಟ್ಟರೆ 1,20,000. ಏಳು ಪಟ್ಟಿಗಿಂತ ಜಾಸ್ತಿ. ಗ್ರೋ ಲೈಟ್ ಡಬ್ಬಗಳ ಮೇಲೆ ಪಿಪಿಎಫ್‌ಡಿ, ಮೈಕ್ರೋಮೋಲ್ ಎಂದೆಲ್ಲ ಬರೆದಿರುತ್ತಾರೆ. ಅದು ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಬೀಳುವ, ಗಿಡ ಬಳಸಬಲ್ಲ ಬೆಳಕಿನ ಕಣಗಳ ಲೆಕ್ಕ. ಬಿಳಿ ಎಲ್‌ಇಡಿಯಲ್ಲಿ ಸುಮಾರು 70 ಲಕ್ಸ್‌ಗೆ 1 ಮೈಕ್ರೋಮೋಲ್ ಎಂದು ಹಿಡಿದುಕೊಂಡರೆ ಮನೆ ಮಟ್ಟಿಗೆ ಸಾಕು. 10,000 ಲಕ್ಸ್ ಅಂದರೆ 140 ಮೈಕ್ರೋಮೋಲ್ ಆಯಿತು. 12 ಗಂಟೆಗೆ ಒಟ್ಟು ಸುಮಾರು 60 ಲಕ್ಷ ಮೈಕ್ರೋಮೋಲ್, ಅಂದರೆ 6 ಮೋಲ್. ಫಲನಾಪ್ಸಿಸ್ ಹೂ ಬಿಡಲು ಇಷ್ಟು ಬೆಳಕು ಸಾಕಾಗುತ್ತದೆ.

ಅಳೆಯಲು ಮೊಬೈಲ್‌ನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಫೋನನ್ನು ಎಲೆಯ ಮಟ್ಟದಲ್ಲಿ ಹಿಡಿದು, ಮುಖ ಲೈಟ್ ಕಡೆ ಮಾಡಿ. ಫೋನಿನಿಂದ ಫೋನಿಗೆ ಅಳತೆ ಸ್ವಲ್ಪ ಬದಲಾಗುತ್ತದೆ, ನಿಜ. ಆದರೂ 2,000ಕ್ಕೂ 10,000ಕ್ಕೂ ಇರುವ ವ್ಯತ್ಯಾಸವನ್ನು ಯಾವ ಫೋನೂ ಮುಚ್ಚಿಡಲಾರದು.

ಯಾವ ಲೈಟ್, ಎಷ್ಟು, ಎಲ್ಲಿ

ನೇರಳೆ ಬಣ್ಣದ ಗ್ರೋ ಲೈಟ್ ಕೊಳ್ಳಬೇಕಾಗಿಲ್ಲ. ಎಲೆಯ ಹಸಿರು ಮುಖ್ಯವಾಗಿ ಕೆಂಪು ಮತ್ತು ನೀಲಿ ಬೆಳಕನ್ನು ಹೀರುತ್ತದೆ ಎಂಬ ಮಾತಿನಿಂದ ಆ ಲೈಟ್‌ಗಳು ಹುಟ್ಟಿದವು. ಮಾತು ಸುಳ್ಳಲ್ಲ. ಆದರೆ ಹಸಿರು ಬೆಳಕನ್ನೂ ಎಲೆ ತಕ್ಕಮಟ್ಟಿಗೆ ಬಳಸಿಕೊಳ್ಳುತ್ತದೆ. ಬಿಳಿ ಎಲ್‌ಇಡಿ ಅಂದರೆ ಒಳಗೆ ಇರುವುದು ನೀಲಿ ಎಲ್‌ಇಡಿಯೇ. ಅದರ ಮೇಲೆ ಬಳಿದ ಫಾಸ್ಫರ್ ಪದರ ನೀಲಿಯ ಒಂದು ಪಾಲನ್ನು ಹಳದಿ, ಹಸಿರು, ಕೆಂಪಾಗಿ ಬದಲಿಸುತ್ತದೆ. ಆ ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೇ ಅಕಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅವರ ಶ್ರಮದ ಫಲ ಇವತ್ತು ನಮ್ಮ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 20 ವಾಟ್ ಟ್ಯೂಬ್ ರೂಪದಲ್ಲಿ ಸಿಗುತ್ತದೆ. ಬಿಳಿ ಬೆಳಕಿನಲ್ಲಿ ಇನ್ನೊಂದು ಅನುಕೂಲ ಇದೆ. ಎಲೆಯ ನಿಜವಾದ ಬಣ್ಣ ಕಾಣುತ್ತದೆ, ರೋಗವೋ ಕೀಟವೋ ಬಂದರೆ ಬೇಗ ಗೊತ್ತಾಗುತ್ತದೆ. ನೇರಳೆ ಬೆಳಕಿನಲ್ಲಿ ಎಲ್ಲಾ ಎಲೆಯೂ ಕಪ್ಪಾಗಿಯೇ ಕಾಣುತ್ತದೆ. ಬಿಳಿ ಬೆಳಕು ಎಷ್ಟು ಹಳದಿ, ಎಷ್ಟು ನೀಲಿ ಎಂದು ಹೇಳುವ ಅಳತೆ ಕೆಲ್ವಿನ್. 4,000ದಿಂದ 6,500 ಕೆಲ್ವಿನ್‌ವರೆಗಿನ ಯಾವುದಾದರೂ ಆದೀತು.

ಈಗ ಲೆಕ್ಕ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ರ‍್ಯಾಕ್ ಇದೆ ಎನ್ನಿ. ಜಾಗ ಸುಮಾರು 0.56 ಚದರ ಮೀಟರ್. ನಾಲ್ಕು ಅಡಿಯ 20 ವಾಟ್ ಟ್ಯೂಬ್ ಒಂದು ಸುಮಾರು 2,000 ಲ್ಯೂಮೆನ್ ಕೊಡುತ್ತದೆ. ನಾಲ್ಕು ಟ್ಯೂಬ್ ಹಾಕಿದರೆ 8,000. ಅದರಲ್ಲಿ ಗಿಡದ ಮೇಲೆ ಬೀಳುವುದು ಮುಕ್ಕಾಲಿಗಿಂತ ಕಡಿಮೆ, ಉಳಿದದ್ದು ಆಚೆ ಈಚೆ ಚೆಲ್ಲಿ ಹೋಗುತ್ತದೆ. ನೂರಕ್ಕೆ 65 ಪಾಲು ಬಿತ್ತು ಎಂದು ಹಿಡಿದರೆ 5,200 ಲ್ಯೂಮೆನ್. ಅದನ್ನು 0.56ರಿಂದ ಭಾಗಿಸಿದರೆ ಸುಮಾರು 9,300 ಲಕ್ಸ್ ಆಯಿತು. ಬೇಕಾದದ್ದು ಇಷ್ಟೇ. ಒಂದೇ ಟ್ಯೂಬ್ ಹಾಕಿ, ಲೈಟ್ ಕೊಟ್ಟಿದ್ದೇನಲ್ಲ, ಆದರೂ ಹೂ ಯಾಕೆ ಬರಲಿಲ್ಲ ಎನ್ನುವವರು ಈ ಲೆಕ್ಕವನ್ನು ಒಂದು ಸಲ ಮಾಡಿ ನೋಡಬೇಕು. ರ‍್ಯಾಕಿನ ಹಿಂಭಾಗಕ್ಕೆ, ಎರಡು ಪಕ್ಕಕ್ಕೆ ಬಿಳಿ ಥರ್ಮಾಕೋಲ್ ನಿಲ್ಲಿಸಿದರೆ ಚೆಲ್ಲಿ ಹೋಗುವ ಬೆಳಕಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಗಾಳಿ ಆಡಲು ಮುಂದಿನ ಭಾಗ ಮಾತ್ರ ತೆರೆದೇ ಇರಲಿ. ಇಂಥ ಒಂದು ಹಲಗೆಯ ಮೇಲೆ ಎಂಟು ಗಿಡ ಆರಾಮಾಗಿ ಹಿಡಿಯುತ್ತವೆ.

ಖರ್ಚು? ನಾಲ್ಕು ಟ್ಯೂಬ್ 80 ವಾಟ್. ದಿನಕ್ಕೆ 12 ಗಂಟೆ ಉರಿದರೆ 0.96 ಯೂನಿಟ್. ತಿಂಗಳಿಗೆ 29 ಯೂನಿಟ್ ಹತ್ತಿರ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 175 ರೂಪಾಯಿ ಆಸುಪಾಸು. ಇಲ್ಲಿ ಒಂದು ಮಾತು ನೆನಪಿರಲಿ. 2023ರ ಆಗಸ್ಟ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಚಾಲನೆ ಕೊಟ್ಟ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಬೇಸಿಗೆಯಲ್ಲಿ ಕೂಲರ್, ಫ್ರಿಜ್ ಸೇರಿ 180ಕ್ಕೆ ಬಂದು ನಿಲ್ಲುವ ಮನೆಯಾದರೆ ಈ 29 ಯೂನಿಟ್ ಭಾರವೇ. ರ‍್ಯಾಕ್ ಕಟ್ಟುವ ಮೊದಲು ಹೋದ ವರ್ಷದ ಏಪ್ರಿಲ್, ಮೇ ತಿಂಗಳ ಜೆಸ್ಕಾಂ ಬಿಲ್ ತೆಗೆದು ನೋಡಿ. ಬೇಕಿದ್ದರೆ ಎರಡೇ ಅಡಿಯ ರ‍್ಯಾಕ್‌ನಿಂದ ಶುರು ಮಾಡಿ, ಖರ್ಚು ಅರ್ಧ.

ಎಲೆಗೂ ಟ್ಯೂಬ್‌ಗೂ ನಡುವೆ 20ರಿಂದ 30 ಸೆಂಟಿಮೀಟರ್ ಅಂತರ ಸಾಕು. ಉದ್ದ ಟ್ಯೂಬ್‌ಗಳನ್ನು ಸಾಲಾಗಿ ಕಟ್ಟಿದಾಗ ದೂರ ಹೋದ ಹಾಗೆ ಬೆಳಕು ನಿಧಾನವಾಗಿ ಇಳಿಯುತ್ತದೆ. ಒಂದೇ ಬಲ್ಬ್ ಆದರೆ ದೂರ ಎರಡು ಪಟ್ಟಾದಾಗ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಕುಸಿಯುತ್ತದೆ. ಅದಕ್ಕೇ ಚಾವಣಿಗೆ ಜೋತುಬಿಟ್ಟ ಬಲ್ಬ್ ಎಷ್ಟು ವಾಟ್ ಇದ್ದರೂ ಗಿಡಕ್ಕೆ ಉಪಯೋಗ ಕಡಿಮೆ. ಟ್ಯೂಬ್ ಮೇಲೆ ಕೂತ ಧೂಳನ್ನು ವಾರಕ್ಕೊಮ್ಮೆ ಒರೆಸಿ. ಎಲೆಗಳ ಧೂಳನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ನಮ್ಮ ಊರಿನ ಧೂಳು ಸುಮ್ನೆ ಕೂರುವುದಿಲ್ಲ, ಬೆಳಕನ್ನು ನುಂಗುತ್ತದೆ.

ಇಷ್ಟೆಲ್ಲ ಆದ ಮೇಲೆ ಎಲೆಯೇ ನಿಮಗೆ ಮೀಟರ್. ಕಡು ಹಸಿರಾಗಿ, ಉದ್ದವಾಗಿ, ಜೋಲುಬಿದ್ದರೆ ಬೆಳಕು ಕಡಿಮೆ. ನೋಡಲು ತುಂಬಾ ಆರೋಗ್ಯವಾಗಿ ಕಾಣುತ್ತದೆ, ಹೂ ಮಾತ್ರ ಬಿಡುವುದಿಲ್ಲ. ಎಳೆ ಹುಲ್ಲಿನ ಹಸಿರು ಇದ್ದರೆ ಸರಿಯಾಗಿದೆ. ಹಳದಿಗೆ ತಿರುಗಿದರೆ, ಅಂಚು ಕೆಂಪಾದರೆ ಜಾಸ್ತಿಯಾಯಿತು. ಬಿಳಿಚಿಕೊಂಡು ಆಮೇಲೆ ಕಪ್ಪಾಗುವ ಮಚ್ಚೆ ಬಂದರೆ ಸುಟ್ಟಿದೆ, ಆ ಭಾಗ ಮತ್ತೆ ಹಸಿರಾಗುವುದಿಲ್ಲ. ಹೊಸ ಗಿಡವನ್ನು ತಂದ ದಿನವೇ ಪೂರ್ತಿ ಬೆಳಕಿಗೆ ಇಡಬೇಡಿ. ಮೊದಲ ವಾರ ಆರು ಗಂಟೆ, ಆಮೇಲೆ ನಿಧಾನಕ್ಕೆ ಏರಿಸಿ.

ಈ ಗಿಡ ಉಸಿರಾಡುವುದು ರಾತ್ರಿ

ಲೈಟ್ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದು ನಮ್ಮ ಭಾಗದಲ್ಲಿ ಇನ್ನೂ ಮುಖ್ಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ತೊಗರಿಯೋ ಬೇವೋ ಆದರೆ ಹಗಲಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ. ಬಿಸಿಲಿನ ಶಕ್ತಿಯಿಂದ ಆಗಲೇ ಅದನ್ನು ಸಕ್ಕರೆ ಮಾಡುತ್ತವೆ. ರಂಧ್ರ ತೆರೆದಿದ್ದಾಗ ನೀರೂ ಆವಿಯಾಗಿ ಹೋಗುತ್ತದೆ. ಮರದ ಮೇಲೆ, ಮಣ್ಣಿನ ಆಸರೆ ಇಲ್ಲದೆ ಬದುಕುವ ಫಲನಾಪ್ಸಿಸ್‌ಗೆ ಅಷ್ಟು ನೀರು ಕಳೆದುಕೊಳ್ಳುವುದು ಆಗದ ಮಾತು. ಅದು ಹಗಲು ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ. ರಾತ್ರಿ ತಂಪಾದ ಮೇಲೆ ತೆರೆಯುತ್ತದೆ. ಆಗ ಎಳೆದುಕೊಂಡ ಇಂಗಾಲವನ್ನು ಒಂದು ಬಗೆಯ ಹುಳಿಯಾಗಿ ಎಲೆಯೊಳಗೆ ಕೂಡಿಡುತ್ತದೆ. ಬೆಳಗಾಗಿ ಬೆಳಕು ಬಿದ್ದ ಮೇಲೆ, ರಂಧ್ರ ಮುಚ್ಚಿಕೊಂಡೇ, ಆ ಹುಳಿಯನ್ನು ಒಡೆದು ಸಕ್ಕರೆ ಮಾಡುತ್ತದೆ. ಪಾಪಾಸುಕಳ್ಳಿ, ಅನಾನಸ್ ಮಾಡುವುದೂ ಇದನ್ನೇ. ಈ ಪದ್ಧತಿಗೆ ಕ್ಯಾಮ್ ಎಂದು ಹೆಸರು.

ಇದರಿಂದ ಎರಡು ವಿಷಯ ಗೊತ್ತಾಗುತ್ತವೆ. ಮೊದಲನೆಯದು, ಕತ್ತಲೆ ಇಲ್ಲದೆ ಈ ಗಿಡಕ್ಕೆ ಊಟವಿಲ್ಲ. ಹೂ ಬೇಗ ಬರಲಿ ಎಂದು 18-20 ಗಂಟೆ ಲೈಟ್ ಹಚ್ಚಿಟ್ಟರೆ ಅದರ ಹೊಟ್ಟೆಗೇ ಕಲ್ಲು ಹಾಕಿದಂತೆ. 12 ಗಂಟೆ ಸರಿ, 14 ದಾಟಬೇಡಿ. ಎರಡನೆಯದು, ಗಿಡದ ರಾತ್ರಿ ತಂಪಾಗಿರಬೇಕು. ಹಗಲು ಕೋಣೆ ಹೇಗೂ ಕಾಯುತ್ತದೆ, ಅದರ ಮೇಲೆ ಲೈಟ್ ಯಾಕೆ, ರಾತ್ರಿಯೇ ಹಚ್ಚೋಣ ಎಂದು ಕೆಲವರು ಯೋಚಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹಾಗೆ ಮಾಡಿದರೆ ಗಿಡದ ಪಾಲಿಗೆ ನಮ್ಮ ಉರಿಯುವ ಮಧ್ಯಾಹ್ನವೇ ರಾತ್ರಿಯಾಗುತ್ತದೆ. ಆ ಬಿಸಿಯಲ್ಲಿ ಅದು ರಂಧ್ರವನ್ನು ಸರಿಯಾಗಿ ತೆರೆಯುವುದಿಲ್ಲ.

ಹಾಗಾದರೆ ಯಾವ ಹೊತ್ತು? ಏಪ್ರಿಲ್, ಮೇ ಬಂತೆಂದರೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವಲ್ಲ, ಆರ್ಕಿಡ್ ಲೈಟ್‌ಗೂ ಅದೇ ನಿಯಮ ಹೊಂದುತ್ತದೆ. ಬೇಗ ಶುರು ಮಾಡಿ, ಬಿಸಿಲು ನೆತ್ತಿಗೇರಿ ಕೋಣೆ ಕಾಯುವ ಮೊದಲೇ ಹೆಚ್ಚಿನ ಕೆಲಸ ಮುಗಿಸಬೇಕು. ಮಳೆಗಾಲ, ಚಳಿಗಾಲದಲ್ಲಿ ಬೆಳಿಗ್ಗೆ 6ರಿಂದ ಸಂಜೆ 6. ಮಾರ್ಚ್ ಮಧ್ಯದಿಂದ ಬೆಳಿಗ್ಗೆ 5ರಿಂದ ಸಂಜೆ 5. ಮೇ ತಿಂಗಳಲ್ಲಿ ಹತ್ತೇ ಗಂಟೆ, 5ರಿಂದ 3. ಆ ತಿಂಗಳಲ್ಲಿ ಗಿಡ ಬೆಳೆಯಲಿ ಎಂದು ಆಸೆ ಪಡಬಾರದು, ಉಳಿದರೆ ಸಾಕು.

ಬೆಳಿಗ್ಗೆ 5ಕ್ಕೆ ಎದ್ದು ಸ್ವಿಚ್ ಹಾಕಬೇಕಾಗಿಲ್ಲ, ಟೈಮರ್ ಸಿಗುತ್ತದೆ. ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೇಳಿ. ಚಕ್ರ ತಿರುಗುವ ಅಗ್ಗದ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ಎರಡು ಗಂಟೆ ಕರೆಂಟ್ ಹೋದರೆ ಎರಡು ಗಂಟೆ ಹಿಂದೆ ಬೀಳುತ್ತದೆ. ಆರು ದಿನ ಹೀಗಾದರೆ ಹಗಲು ರಾತ್ರಿ ಅದಲು ಬದಲು.

ಕೂಲರ್ ಇರುವ ಕೋಣೆ

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬುದು ಅರ್ಧ ಸತ್ಯ. ಹಳೇ ಬಲ್ಬ್‌ಗಿಂತ ಕಡಿಮೆ, ಅಷ್ಟೇ. 80 ವಾಟ್ ಮುಚ್ಚಿದ ರ‍್ಯಾಕ್‌ನೊಳಗೆ ಉರಿದರೆ ಅಲ್ಲಿನ ಗಾಳಿ ಕೋಣೆಗಿಂತ ಎರಡು ಮೂರು ಡಿಗ್ರಿ ಏರುತ್ತದೆ. ಜನವರಿಯಲ್ಲಿ ಅದು ಲೆಕ್ಕಕ್ಕಿಲ್ಲ. ಮೇ ತಿಂಗಳಲ್ಲಿ ಕೋಣೆಯೇ 36 ಇದ್ದಾಗ ಅದು 39 ಆಗುತ್ತದೆ. ಫಲನಾಪ್ಸಿಸ್‌ಗೆ ಹಗಲು 24ರಿಂದ 30 ಡಿಗ್ರಿ ಹಿತ, 35 ದಾಟಿದರೆ ಬೆಳವಣಿಗೆ ನಿಲ್ಲುತ್ತದೆ. ಅದಕ್ಕೇ ಎಲೆಯ ಮಟ್ಟದಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ. ತೇವಾಂಶವನ್ನೂ ತೋರಿಸುವಂಥದ್ದು ಆದರೆ ಇನ್ನೂ ಒಳ್ಳೆಯದು.

ತೇವಾಂಶದ ಮಾತಿಗೆ ಬಂದರೆ, ಈ ಗಿಡಕ್ಕೆ ಶೇಕಡಾ 50ರಿಂದ 70 ಬೇಕು. ನಮ್ಮ ಏಪ್ರಿಲ್ ಮಧ್ಯಾಹ್ನಗಳಲ್ಲಿ ಅದು 20-30ಕ್ಕೆ ಇಳಿಯುತ್ತದೆ. ತಟ್ಟೆಯಲ್ಲಿ ಕಲ್ಲು ಹರಡಿ ನೀರು ತುಂಬಿಸಿ ಮೇಲೆ ಕುಂಡ ಇಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಮ್ಮ ಒಣಗಾಳಿಗೆ ಅದು ಯಾವ ಮೂಲೆಗೂ ಸಾಲುವುದಿಲ್ಲ. ದಿನಕ್ಕೆ ಹತ್ತು ಸಲ ನೀರು ಸಿಂಪಡಿಸಿದರೂ ಕೆಲವೇ ನಿಮಿಷದಲ್ಲಿ ಆರಿಹೋಗುತ್ತದೆ.

ಆದರೆ ನಮ್ಮ ಮನೆಗಳಲ್ಲಿ ಆಗಲೇ ಒಂದು ಒಳ್ಳೆಯ ಸಾಧನ ಇದೆ: ಕೂಲರ್. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಆ ಆವಿ ಗಾಳಿಯಲ್ಲೇ ಉಳಿಯುತ್ತದೆ. ಅಂದರೆ ಕೂಲರ್ ಒಂದೇ ಏಟಿಗೆ ತಂಪನ್ನೂ ತೇವವನ್ನೂ ಕೊಡುತ್ತದೆ. ಆರ್ಕಿಡ್‌ಗೆ ಬೇಕಾದದ್ದು ಅದೇ ಅಲ್ವಾ? ಗಾಳಿ ಒಣಗಿದಷ್ಟೂ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯಲ್ಲಿ ಉಪಯೋಗಕ್ಕೆ ಬಾರದ ಯಂತ್ರ ಕಲಬುರಗಿ, ಯಾದಗಿರಿಯಲ್ಲಿ ವರವಾಗುವುದು ಇದಕ್ಕೇ. ಎಸಿ ತಂಪು ಮಾಡುತ್ತದೆ, ಜೊತೆಗೆ ಗಾಳಿಯ ನೀರನ್ನೂ ಹಿಂಡಿ ಹೊರಗೆ ಹಾಕುತ್ತದೆ. ಹಾಗಾಗಿ ಬೇಸಿಗೆಗೆ ರ‍್ಯಾಕನ್ನು ಕೂಲರ್ ಇರುವ ಕೋಣೆಗೆ ತನ್ನಿ. ಗಾಳಿ ನೇರ ಗಿಡಕ್ಕೆ ಬಡಿಯದಂತೆ ಪಕ್ಕಕ್ಕೆ ಇಡಿ. ಗಾಳಿ ಹೊರಹೋಗಲು ಎದುರಿನ ಕಿಟಕಿ ಸ್ವಲ್ಪ ತೆರೆದಿರಲಿ. ಗಿಡಗಳನ್ನು ಒತ್ತೊತ್ತಾಗಿ ಇಡಿ. ಮೇಲಂತಸ್ತಿಗಿಂತ ಕೆಳಗಿನ ಕೋಣೆ ಎಷ್ಟೋ ವಾಸಿ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಎಲ್ಲ ಉಲ್ಟಾ. ಗಾಳಿಯಲ್ಲಿ ತೇವ ತುಂಬಿರುತ್ತದೆ, ಗಿಡದ ನಡುವಿನ ಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಆಗ ಸಣ್ಣ ಟೇಬಲ್ ಫ್ಯಾನ್ ನಿಧಾನಕ್ಕೆ ತಿರುಗುತ್ತಿರಲಿ. ಬೇಸಿಗೆಯಲ್ಲಿ ಎಲೆಯಡಿ ಜೇಡ ನುಸಿ, ಯಾವಾಗ ಬೇಕಾದರೂ ಹಿಟ್ಟು ತಿಗಣೆ. ವಾರಕ್ಕೊಮ್ಮೆ ಎಲೆ ತಿರುಗಿಸಿ ನೋಡಿದರೆ ಕೈಯಲ್ಲೇ ಒರೆಸಿ ತೆಗೆಯುವಷ್ಟರಲ್ಲಿ ಸಿಗುತ್ತವೆ.

ಸುಣ್ಣದ ನೀರು

ನಮ್ಮದು ಸುಣ್ಣಕಲ್ಲಿನ ನೆಲ. ಮನೆಗೆ ಹಾಸುವ ಶಹಾಬಾದ್ ಕಲ್ಲು ಅದೇ. ವಾಡಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದರಿಂದಲೇ. ಆ ಕಲ್ಲಿನ ನಡುವಿನಿಂದ ಬರುವ ಬೋರ್ ನೀರು ಗಡಸು. ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಪದರವೇ ಬೇರಿನ ಮೇಲೂ ಕಟ್ಟುತ್ತದೆ. ದಿನ ಹೋದಂತೆ ಬೇರಿನ ತುದಿ ಕಪ್ಪಾಗಿ ಬೆಳೆಯುವುದು ನಿಲ್ಲುತ್ತದೆ. ಮಳೆ ನೀರು ಎಲ್ಲಕ್ಕಿಂತ ಉತ್ತಮ. ಮೊದಲ ಒಂದೆರಡು ಮಳೆಗೆ ಮಾಳಿಗೆ ತೊಳೆದು ಹೋಗಲಿ, ಆಮೇಲೆ ಡ್ರಮ್‌ನಲ್ಲಿ ಹಿಡಿದು ಮುಚ್ಚಿಡಿ. ಎಂಟು ಗಿಡಕ್ಕೆ ಬೇಕಾದ ನೀರು ಬಹಳವೇನಲ್ಲ. ಅದು ಮುಗಿದ ಮೇಲೆ ಆರ್‌ಒ ನೀರು. ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಉಪ್ಪು ಇನ್ನೂ ಜಾಸ್ತಿ, ಅದನ್ನು ಈ ಗಿಡಕ್ಕೆ ಹಾಕಬೇಡಿ.

ಮಳೆ ನೀರಲ್ಲೂ ಆರ್‌ಒ ನೀರಲ್ಲೂ ಪೋಷಕಾಂಶ ಇರುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ರೈತರು ಕೊಳ್ಳುವ 19:19:19 ಪುಡಿಯನ್ನು ಲೀಟರಿಗೆ ಅರ್ಧ ಗ್ರಾಂ ಹಾಕಿ ಒಂದು ವಾರ ಕೊಡಿ. ಮುಂದಿನ ವಾರ ಕ್ಯಾಲ್ಸಿಯಂ ನೈಟ್ರೇಟ್ ಅಷ್ಟೇ ಪ್ರಮಾಣದಲ್ಲಿ. ಎರಡನ್ನೂ ಒಟ್ಟಿಗೆ ಬೆರೆಸಬೇಡಿ, ಸೇರಿಕೊಂಡು ಗಸಿಯಾಗಿ ತಳಕ್ಕೆ ಕೂರುತ್ತವೆ. ತಿಂಗಳಿಗೊಮ್ಮೆ ಬರೀ ನೀರಿನಿಂದ ಕುಂಡವನ್ನು ಚೆನ್ನಾಗಿ ತೊಳೆದು ಬಿಡಿ.

ಕುಂಡಕ್ಕೆ ಮಣ್ಣು ಹಾಕುವಂತಿಲ್ಲ, ಬೇರಿಗೆ ಗಾಳಿ ಬೇಕು. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಪೈನ್ ತೊಗಟೆ ಸೇರಿಸಿ. ತೆಂಗಿನ ಸಿಪ್ಪೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿದರೆ ಉಪ್ಪು ಹೋಗುತ್ತದೆ. ಮಲೆನಾಡಿನವರು ಮಣ್ಣಿನ ಕುಂಡ ಒಳ್ಳೆಯದು ಎನ್ನುತ್ತಾರೆ, ಅವರ ಗಾಳಿಗೆ ಅದು ಸರಿ. ನಮ್ಮಲ್ಲಿ ಅದು ನೀರನ್ನೆಲ್ಲ ಹೀರಿ ಒಣಗಿಸುತ್ತದೆ. ಒಳಗಿನ ಬೇರು ಕಾಣುವ ಪಾರದರ್ಶಕ ಪ್ಲಾಸ್ಟಿಕ್ ಕುಂಡವೇ ನನ್ನ ಆಯ್ಕೆ. ನೀರು ಹಾಕುವುದು ಬೆಳಿಗ್ಗೆ, ಲೈಟ್ ಹತ್ತಿದ ಮೇಲೆ.

ಹೂ ಬರಿಸುವುದು ಚಳಿ

ಲೈಟ್ ಸರಿಯಾಗಿದ್ದರೆ ಗಿಡ ಎಲೆ ಬಿಡುತ್ತದೆ, ಬೇರು ಬಿಡುತ್ತದೆ, ಶಕ್ತಿ ಕೂಡಿಡುತ್ತದೆ. ಆದರೆ ಈಗ ಹೂ ಬಿಡು ಎಂದು ಫಲನಾಪ್ಸಿಸ್‌ಗೆ ಹೇಳುವುದು ತಂಪು. ನಾಲ್ಕರಿಂದ ಆರು ವಾರ ಕೋಣೆ 26 ಡಿಗ್ರಿಗಿಂತ ಕೆಳಗಿದ್ದು, ರಾತ್ರಿ 18-20ಕ್ಕೆ ಇಳಿದರೆ ಎಲೆಯ ಬುಡದಿಂದ ಹೂಕಡ್ಡಿ ಮೂಡುತ್ತದೆ. ಯಾವಾಗಲೂ 28ರ ಮೇಲೇ ಇದ್ದರೆ ಎಲೆ ಮಾತ್ರ ಬರುತ್ತಾ ಹೋಗುತ್ತದೆ.

ಇಲ್ಲಿ ನಮ್ಮ ಹವೆ ನಮ್ಮ ಕಡೆಗಿದೆ. ಕರಾವಳಿಯ ಊರುಗಳಲ್ಲಿ ರಾತ್ರಿ ಅಷ್ಟಾಗಿ ತಣಿಯುವುದಿಲ್ಲ. ದೀಪಾವಳಿ ಕಳೆದ ಮೇಲೆ ನಮ್ಮ ರಾತ್ರಿಗಳು ಚೆನ್ನಾಗಿ ತಣಿಯುತ್ತವೆ, ಎತ್ತರದಲ್ಲಿರುವ ಬೀದರ್‌ನಲ್ಲಿ ಇನ್ನೂ ಜಾಸ್ತಿ. ಆಗ ರಾತ್ರಿ ಕಿಟಕಿ ತೆರೆದಿಡಿ. ಹಗಲು ಟ್ಯೂಬ್‌ಗಳ ಬಿಸಿ ರ‍್ಯಾಕ್‌ನಲ್ಲಿ ನಿಲ್ಲದ ಹಾಗೆ ಪಕ್ಕದ ಥರ್ಮಾಕೋಲ್ ತೆಗೆಯಿರಿ. ಹೊರಗೆ ಚಳಿಯಿದ್ದರೂ ಒಳಗೆ ಲೈಟ್‌ಗಳೇ 29 ಡಿಗ್ರಿ ಹಿಡಿದಿಟ್ಟುಕೊಂಡು ಹೂಕಡ್ಡಿ ತಡೆಯುವುದು ಲೈಟ್ ಕೆಳಗೆ ಬೆಳೆಸುವವರಿಗೆ ಸಾಮಾನ್ಯವಾಗಿ ಬರುವ ತೊಡಕು. ರಾತ್ರಿ 15ಕ್ಕಿಂತ ಇಳಿದರೆ ಮಾತ್ರ ಕಿಟಕಿ ಮುಚ್ಚಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವ ಹೊತ್ತಿಗೆ ಗಿಡದ ಬುಡದಲ್ಲಿ ಮೊಂಡು ತುದಿಯ ಹಸಿರು ಕುಡಿ ಕಾಣಬೇಕು. ಬೇರಿನ ತುದಿ ದುಂಡಗೆ ನುಣುಪಾಗಿರುತ್ತದೆ. ಹೂಕಡ್ಡಿಯ ತುದಿ ಸ್ವಲ್ಪ ಚಪ್ಪಟೆಯಾಗಿ, ಕೈಗವಸಿನಂತೆ ಒಂದು ಕಡೆ ಸೀಳಿರುತ್ತದೆ.

ಕುಡಿ ಕಂಡ ಮೇಲೆ ಕುಂಡವನ್ನು ತಿರುಗಿಸಬೇಡಿ. ಕಡ್ಡಿ ಬೆಳಕಿನ ಕಡೆ ವಾಲುತ್ತದೆ, ತಿರುಗಿಸಿದಷ್ಟೂ ಸೊಟ್ಟಗಾಗುತ್ತದೆ. ಅದು ಟ್ಯೂಬ್‌ಗೆ ತಾಗುವ ಮೊದಲೇ ಗಿಡವನ್ನು ರ‍್ಯಾಕಿನ ಅಂಚಿಗೆ ತಂದು ಕಡ್ಡಿಗೆ ಆಸರೆ ಕಟ್ಟಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮೊಗ್ಗು ಅರಳುತ್ತವೆ. ಅರಳಿದ ಹೂವಿಗೆ 10,000 ಲಕ್ಸ್ ಬೇಡ. ಪಡಸಾಲೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸಿ. ಮಾವು ಹಣ್ಣಿಗೆ ಹಾಕಿದ ಕೋಣೆಯಲ್ಲಿ ಮಾತ್ರ ಇಡಬೇಡಿ. ಹಣ್ಣಾಗುವಾಗ ಹೊರಬರುವ ಎಥಿಲೀನ್ ಅನಿಲಕ್ಕೆ ಮೊಗ್ಗು ಉದುರುತ್ತವೆ, ಹೂ ಬೇಗ ಬಾಡುತ್ತವೆ.

ಗಿಡ ಕೊಳ್ಳುವುದಾದರೆ ಜುಲೈನಿಂದ ಜನವರಿಯೊಳಗೆ ಕೊಳ್ಳಿ. ಏಪ್ರಿಲ್‌ನಲ್ಲಿ ಕೊರಿಯರ್ ಡಬ್ಬದೊಳಗೆ ಎರಡು ದಿನ ಕೂತ ಗಿಡ ಮನೆಗೆ ಬರುವಷ್ಟರಲ್ಲಿ ಬೆಂದಿರುತ್ತದೆ. ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ. ಪಶ್ಚಿಮ ಘಟ್ಟದ ಕಾಡಿನಿಂದ ಕಿತ್ತು ತಂದು ಮಾರುವ ಗಿಡಕ್ಕೆ ಕೈ ಚಾಚಬೇಡಿ. ಅದು ನಮ್ಮ ಒಣ ಹವೆಯಲ್ಲಿ ಬದುಕುವುದು ಕಷ್ಟ, ಕಾಡಿಗೂ ನಷ್ಟ. ಕಾಡು ಗಿಡ, ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆಯಲ್ಲಿ ಇಡೀ ಆರ್ಕಿಡ್ ಕುಟುಂಬವೇ ಇದೆ.

ಹೂ ಮುಗಿದ ಮೇಲೆ ಕಡ್ಡಿಯನ್ನು ಅರ್ಧಕ್ಕೆ ಕತ್ತರಿಸಿ, ಅದರಲ್ಲೇ ಇನ್ನೊಂದು ಕವಲು ಬರುತ್ತದೆ ಎಂದು ತಂಪು ಊರಿನವರು ಹೇಳುತ್ತಾರೆ. ಬರುತ್ತದೆ, ನಿಜ. ಆದರೆ ನಮ್ಮಲ್ಲಿ ಆಗ ಏಪ್ರಿಲ್ ಇರುತ್ತದೆ. 40 ಡಿಗ್ರಿಯ ದಿನಗಳಲ್ಲಿ ಎರಡನೇ ಹೂವಿನ ಭಾರ ಹೊತ್ತ ಗಿಡ ಮುಂದಿನ ವರ್ಷಕ್ಕೆ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಏಪ್ರಿಲ್ ಕೊನೆಯೊಳಗೆ ಕಡ್ಡಿಯನ್ನು ಬುಡದವರೆಗೂ ಕತ್ತರಿಸಿ, ಅದರಲ್ಲಿ ಇನ್ನೂ ನಾಲ್ಕು ಹೂ ಉಳಿದಿದ್ದರೂ ಸರಿ. ಆ ಹೂ ನೀರು ತುಂಬಿದ ಲೋಟದಲ್ಲಿ ಕೆಲವು ದಿನ ನಿಲ್ಲುತ್ತವೆ. ಗಿಡವನ್ನು ಕೂಲರ್ ಕೋಣೆಗೆ ತನ್ನಿ, ಲೈಟ್ ಹತ್ತು ಗಂಟೆಗೆ ಇಳಿಸಿ, ಗೊಬ್ಬರ ನಿಲ್ಲಿಸಿ. ಮೊದಲ ಮಳೆ ಬಿದ್ದು ಗಾಳಿ ತಣ್ಣಗಾದ ಮೇಲೆ ಹೊಸ ಎಲೆ ಇಣುಕುತ್ತದೆ. ಆಗ ಲೈಟ್ ಮತ್ತೆ 12 ಗಂಟೆಗೆ ಏರಿಸಿ, ಗೊಬ್ಬರ ಶುರು ಮಾಡಿ.